ಮಿಸ್ಸಿಂಗ್ ಕಾರೂ ಈರಕ್ಕನ ಮಗನೂ

ಕೇಳುವವರು ಕೇಳಿ, ಆದರೆ ಜುಂಜಪ್ಪ ಕೇಳಿದ ಹಾಗೆ ಕೇಳಬೇಡಿ. ಅವನು ಹೇಗೆ ಕೇಳಿದ ಅನ್ನೋದೇ ಈ ಕತೆ.

ಹೆದ್ದಾರಿ ಪಕ್ಕದ ಕಂಬದಗೇಟಿನಲ್ಲಿ ಈರಕ್ಕ ಅಂತ ಒಬ್ಬಳಿದ್ದಳು. ಮದುವೆಯಾಗಿ ಆರು ವರ್ಷ ಮಕ್ಕಳಾಗಲಿಲ್ಲ. ಕಂಡ ಕಂಡ ದೇವರಿಗೆಲ್ಲ ಕೈಮುಗಿದು, 'ಹೇಳಿದ ಮಾತು ಕೇಳೋ ಮಗನ್ನ ಕೊಡಪ್ಪ' ಅಂತ ಬೇಡಿಕೊಂಡಳು. ಯಾವ ದೇವರೋ ಏನೋ, ಆ ಮಾತನ್ನು ಅಕ್ಷರ ಬಿಡದೆ ಕೇಳಿಸಿಕೊಂಡಿತು. ಹುಟ್ಟಿದ ಜುಂಜಪ್ಪ ಹೇಳಿದ್ದನ್ನು ಕೇಳಿದ, ಹೇಳಿದ್ದನ್ನಷ್ಟೇ ಕೇಳಿದ, ಹೇಳಿದ ಹಾಗೇ ಕೇಳಿದ. 'ಹಾಲು ಉಕ್ಕಿದ್ರೆ ಕೂಗು' ಅಂದರೆ, ಹಾಲೆಲ್ಲ ಉಕ್ಕಿ ಒಲೆ ಆರುವ ತನಕ ಅಲ್ಲೇ ನಿಂತು 'ಕೂ' ಅಂತ ಕೂಗುವನು. ಇಪ್ಪತ್ತೆಂಟು ತುಂಬಿದರೂ ಹಾಗೇ. ಈರಕ್ಕ ಹಣೆ ಹಣೆ ಚಚ್ಚಿಕೊಂಡು ಹಣೆಯ ಕುಂಕುಮದ ಜಾಗವೇ ಸವೆದಿತ್ತು ಅನ್ನುತ್ತಾರೆ, ನಾನು ನೋಡಿಲ್ಲ.

ಒಂದು ವಿದ್ಯೆ ಮಾತ್ರ ಅವನ ಕೈಗೆ ಹತ್ತಿತ್ತು. ತೀರಿಹೋದ ಅಪ್ಪ ಬಿಟ್ಟುಹೋದ ಹಳೇ ಪೆಟ್ರೋಲ್ ಕಾರನ್ನು ಬಲು ಚೆನ್ನಾಗಿ ಓಡಿಸುವನು. ಕಾರಿಗೆ ಬಾಯಿಲ್ಲ ನೋಡಿ, ಹಾಗಾಗಿ ಅವರಿಬ್ಬರ ನಡುವೆ ತಕರಾರು ಬರುತ್ತಿರಲಿಲ್ಲ.

ಈರಕ್ಕನಿಗೆ ಒಬ್ಬ ಮಗಳೂ ಇದ್ದಳು, ದೇವೀರಿ. ಒಂದು ಹರದಾರಿ, ಅಂದರೆ ಮೂರು ಮೈಲಿ ಆಚೆಯ ಬೆಣಚಿನಹಳ್ಳಿಗೆ ಕೊಟ್ಟಿದ್ದರು. ಅವಳಿಗೆ ಮೊದಲ ಸಲ ನಿಂತ ಬಸಿರು ಮೂರು ತಿಂಗಳಿಗೇ ಹೋಗಿತ್ತು. ಆಗ ಮಗಳು ಅಳುವಾಗ ಪಕ್ಕದಲ್ಲಿ ತಾನಿರಲಿಲ್ಲ ಅನ್ನೋದು ಈರಕ್ಕನನ್ನು ಇನ್ನೂ ಚುಚ್ಚುತ್ತಿತ್ತು. ಈಗ ಎಂಟು ತಿಂಗಳು. ಈ ಸಲ ಹೆರಿಗೆ, ಬಾಣಂತನ ಎರಡೂ ತನ್ನ ಮನೆಯಲ್ಲಿ, ತನ್ನ ಕೈಯಲ್ಲೇ ಆಗಬೇಕು. ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಆದರೆ ಸೀಮಂತದ ದಿನ ಬೀಗಿತ್ತಿ ತಿಮ್ಮಕ್ಕ ಈ ಕಾರನ್ನು ನೋಡಿಬಿಟ್ಟಳು. ಕಾರು ಓಡುವಾಗ ಹೇಗೋ ಓಡುತ್ತಿತ್ತು. ನಿಲ್ಲಿಸಿ ಇಂಜಿನ್ ಚಾಲೂ ಇಟ್ಟರೆ ಸಾಕು, ಮಲೇರಿಯಾ ಬಂದವರ ಹಾಗೆ ಗಡಗಡ ನಡುಗುವುದು.

"ನಿಂತಾಗಲೇ ಈ ಪಾಟಿ ನಡುಗ್ತದಲ್ಲ ಬೀಗಿತ್ತಿ, ಇದ್ರಾಗೆ ನನ್ನ ಸೊಸೇನ ಕಳಿಸಾಕಿಲ್ಲ," ಅಂದಳು ತಿಮ್ಮಕ್ಕ. "ಬಸ್ಸೂ ಬ್ಯಾಡ, ಆಟೋನೂ ಬ್ಯಾಡ. ಬರೋ ಗುರುವಾರ ರಾಹುಕಾಲಕ್ಕೆ ಮುಂಚೆ ಒಳ್ಳೆ ಗಾಡಿ ತಂದು ಕರ್ಕೊಂಡೋಗಿ. ಶುಕ್ರವಾರ ಅವಳಿಗೆ ಒಂಬತ್ತನೇ ತಿಂಗಳು ಬೀಳ್ತದೆ. ಆಮ್ಯಾಕೆ ನಾನು ಹೊಸಲು ದಾಟಿಸಾಕಿಲ್ಲ."

ಊರಿನ ಇನ್ನೆರಡು ಕಾರುಗಳು ಲಗ್ನಗಳಿಗೆ ಬುಕ್ ಆಗಿಬಿಟ್ಟಿದ್ದವು. ಉಳಿದಿದ್ದು ಇದೊಂದೇ ಕಾರು, ನಾಲ್ಕು ದಿನ, ಮತ್ತೆ ಜುಂಜಪ್ಪ.

ಪಕ್ಕದ ಮನೆಯಲ್ಲಿ ಪ್ಯಾರೇಜಾನ್ ಮೇಸ್ತ್ರಿ ಇದ್ದರು. ನಲವತ್ತು ವರ್ಷ ಇಂಜಿನ್ನು ಬಿಚ್ಚಿದ ಕೈ. ಆದರೆ ಹೋದ ವಾರವಷ್ಟೇ ಜಾಕಿ ಜಾರಿ ಎಡಗೈ ಮುರಿದು, ಹಿಟ್ಟಿನ ಪಟ್ಟಿ ಕಟ್ಟಿಸಿಕೊಂಡು ಜಗಲಿಯ ಮೇಲೆ ಕೂತಿದ್ದರು. ಸೋಮವಾರ ಬೆಳಿಗ್ಗೆ ಈರಕ್ಕ ಮಗನ ಕೈಲಿ ಕಾರನ್ನು ಅವರ ಮುಂದೆ ತರಿಸಿ ನಿಲ್ಲಿಸಿದಳು. ಮೇಸ್ತ್ರಿ ಕಣ್ಣು ಮುಚ್ಚಿ ಒಂದು ಗಳಿಗೆ ಆಲಿಸಿದರು.

"ಮಿಸ್ಸಿಂಗ್ ಕಣಕ್ಕ ಇದು," ಅಂದರು. "ನನ್ನ ಬಾಯಿ, ನಿನ್ನ ಮಗನ ಕೈ. ಎರಡೂ ಸೇರಿದ್ರೆ ಸರಿ ಮಾಡಬೋದು."

ನಾಲ್ಕು ಸಲ ಸಿಡಿಯಬೇಕಾದ ಇಂಜಿನ್ನು ಮೂರು ಸಲ ಸಿಡಿದು ಒಂದು ತಪ್ಪಿಸಿದರೆ ಗ್ಯಾರೇಜಿನವರು ಮಿಸ್ಸಿಂಗ್ ಅನ್ನುತ್ತಾರೆ. ಅದು ಈರಕ್ಕನಿಗೂ ಗೊತ್ತು. ಅವಳು ಮಗನ ಕಡೆ ತಿರುಗಿ, "ಕೇಳಿಸ್ತೇನ್ಲಾ, ಕಾರು ಮಿಸ್ಸಿಂಗ್ ಅಂತೆ. ಸುಮ್ನೆ ನಿಂತ್ರೆ ಆಗ್ತದಾ? ಮಾಡೋದು ನೋಡು," ಅಂದು ನೀರಿಗೆ ಹೋದಳು.

ವಾಪಸ್ಸು ಬಂದರೆ ಕಾರೂ ಇಲ್ಲ, ಮಗನೂ ಇಲ್ಲ. ಇಬ್ಬರೂ ಪೊಲೀಸ್ ಚೌಕಿಯಲ್ಲಿದ್ದರು.

"ನಮ್ಮ ಕಾರು ಮಿಸ್ಸಿಂಗ್ ಸಾರ್, ಬರ್ಕೊಳ್ಳಿ," ಅಂದಿದ್ದ ಜುಂಜಪ್ಪ.

"ಯಾವ ಕಾರು?" ಅಂದ ಪೇದೆ ಪೆನ್ನು ತೆಗೆದು.

"ಬಾಗಿಲಾಗೆ ನಿಂತೈತಲ್ಲ ಸಾರ್, ಬಿಳೀದು, ಅದೇ."

"ಅದು ಇಲ್ಲೇ ಐತಲ್ಲಯ್ಯ."

"ಐತೆ ಸಾರ್. ಆದ್ರೂ ಮಿಸ್ಸಿಂಗೇ."

"ಯಾವಾಗ್ಲಿಂದ?"

"ಸೀಮಂತದಿಂದ ಸಾರ್."

ಪೇದೆ ಒಳ್ಳೆಯವನು. ಪೆನ್ನಿನ ಕ್ಯಾಪು ಹಾಕಿ, ಟೀ ಕುಡಿಸಿ ಕಳಿಸಿದ.

"ಅಯ್ಯೋ ನನ್ನಪ್ಪ," ಅಂದಳು ಈರಕ್ಕ, "ಕಾರಿನ ಕಷ್ಟಾನ ಪೊಲೀಸರ ಹತ್ರ ಯಾಕ್ಲಾ ಹೇಳ್ದೆ? ಕಾರಿನ ಹತ್ರಾನೇ ನಿಂತು ಕೇಳ್ಬೇಕು ಕಣ್ಲಾ. ಇಂಜಿನ್ನು ಬಾಯಿಬಿಟ್ಟು ಹೇಳ್ತದೆ, ಕೇಳೋ ತಾಳ್ಮೆ ಬೇಕು ಅಷ್ಟೇ."

"ಆಗ್ಲವ್ವ, ಇನ್ಮ್ಯಾಕೆ ಹಂಗೇ ಮಾಡ್ತೀನಿ," ಅಂದ ಜುಂಜಪ್ಪ.

ಮಾರನೇ ದಿನ ಮಂಗಳವಾರ. ಬೆಳಿಗ್ಗೆ ಎದ್ದವನೇ ಬಾನೆಟ್ಟು ಎತ್ತಿ, ಇಂಜಿನ್ ಚಾಲೂ ಮಾಡಿ, ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಈರಕ್ಕ ರೊಟ್ಟಿ ತಟ್ಟಿ ಮುಗಿಸಿ ಈಚೆಗೆ ಬಂದಳು. ಮಗ ಮೆತ್ತಗೆ ಮಾತಾಡುತ್ತಿದ್ದ.

"ಏನಾಗೈತೆ ನಿಂಗೆ? ಹೊಟ್ಟೆನೋವಾ? ಹೇಳು. ಯಾರಾರ ಏನಾರ ಅಂದ್ರಾ? ನಮ್ಮವ್ವಂಗೆ ಹೇಳಾಕಿಲ್ಲ, ನಂಗೆ ಹೇಳು."

"ಏನ್ಲಾ ಮಾಡ್ತಿದ್ದೀಯ?"

"ಕೇಳ್ತಾ ಇವ್ನಿ ಕಣವ್ವ. ಎರಡು ಗಂಟೆ ಹೊತ್ತಿಂದ ಕೇಳ್ತಾ ಇವ್ನಿ. ಬಾಯಿ ಬಿಡ್ತಾ ಇಲ್ಲ."

ಈರಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಜಗಲಿಯಿಂದ ಮೇಸ್ತ್ರಿ ಹೇಳಿದರು: "ಬಾಯಲ್ಲಿ ಕೇಳೋದಲ್ಲಪ್ಪ, ಕಿವೀಲಿ ಕೇಳೋದು. ಬಾಯಿ ಮುಚ್ಕೋ. ಏನೇನು ಕೇಳಿಸ್ತದೋ ಅಷ್ಟನ್ನೂ ಬಂದು ನನಗೆ ಹೇಳು, ಒಂದೂ ಬಿಡಬೇಡ."

"ಆಗ್ಲಿ ಮೇಸ್ತ್ರಿ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಅರ್ಧ ಗಂಟೆ ಬಾಯಿ ಮುಚ್ಚಿ ಕೂತು, ಎದ್ದುಬಂದು ಕೈಕಟ್ಟಿ ನಿಂತು ಒಪ್ಪಿಸಿದ. "ಇಂಜಿನ್ನು ಗುಡು ಗುಡು ಗುಡು ಅಂತ ಮೂರು ಸಲ ಅಂದು, ಟುಸ್ ಅಂತ ಒಂದು ಸಲ ಅಂತದೆ. ಕಾಗೆ ಏಳು ಸಲ ಕೂಗ್ತು. ನಿಮ್ಮ ಮನೆಯವ್ರು ಗೋಡೆ ಆಚೆ, 'ಈ ಮುದುಕನ ಕೈ ಮುರಿಯೋ ಬದಲು ಬಾಯಿ ಮುರಿದಿದ್ರೆ ಮನೆ ತಣ್ಣಗಿರ್ತಿತ್ತು' ಅಂದ್ರು."

ಮೇಸ್ತ್ರಿ ಕಾಗೆಯನ್ನೂ ಹೆಂಡತಿಯನ್ನೂ ಬಿಟ್ಟು ಇಂಜಿನ್ನನ್ನಷ್ಟೇ ತಗೊಂಡರು. ಮೂರು ಗುಡು, ಒಂದು ಟುಸ್. ಅಂದಮೇಲೆ ನಾಲ್ಕರಲ್ಲಿ ಒಬ್ಬ ಮೈಗಳ್ಳ ಇದ್ದಾನೆ. ಯಾರು ಅಂತ ಹಿಡಿಯಬೇಕು.

"ನಾಲ್ಕು ಪ್ಲಗ್ಗಿಗೆ ನಾಲ್ಕು ವೈರು ಐತೆ ನೋಡು," ಅಂದರು. "ಇಂಜಿನ್ನು ಓಡ್ತಾ ಇರ್ಲಿ. ಒಣಬಟ್ಟೆ ಸುತ್ತಿ, ರಬ್ಬರ್ ಟೋಪಿ ಹಿಡಿದು ಒಂದೊಂದೇ ವೈರು ಕೀಳು. ಕಿತ್ತಾಗ ನಡುಕ ಜಾಸ್ತಿಯಾದ್ರೆ ಅವನು ದುಡಿಯೋನು. ಕಿತ್ರೂ ಏನೂ ಬದಲಾಗದಿದ್ರೆ ಅವನೇ ಕಳ್ಳ." ಅಷ್ಟು ಹೇಳಿ ನಮಾಜಿಗೆ ಎದ್ದರು.

ಸ್ವಲ್ಪ ಹೊತ್ತಿಗೆ ಜುಂಜಪ್ಪ ಅಡುಗೆಮನೆ ಬಾಗಿಲಿಗೆ ಬಂದ. "ಅವ್ವ, ಕಾರಿನ ನಡುಕ ನಿಂತೋಯ್ತು."

ಈರಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಿಜವೇ. ಕಾರು ಅಲ್ಲಾಡುತ್ತಿರಲಿಲ್ಲ. ಬಂಡೆಯ ಹಾಗೆ ನಿಂತಿತ್ತು. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಬಾನೆಟ್ಟಿನ ಮೇಲೆ ಕೈಯಿಟ್ಟಳು. ಆಗ ಗೊತ್ತಾಯಿತು, ಸದ್ದೂ ಇಲ್ಲ. ನಾಲ್ಕೂ ವೈರುಗಳನ್ನು ಕಿತ್ತು, ಕೊಯ್ದ ಹುರುಳಿಕಾಯಿಯ ಹಾಗೆ ಸಾಲಾಗಿ ಜೋಡಿಸಿಟ್ಟಿದ್ದ.

"ಒಂದೊಂದೇ ಕಿತ್ತೆ ಕಣವ್ವ. ನಾಲ್ಕನೇದು ಕಿತ್ತಾಗ ನಡುಕ ಹೋಯ್ತು."

ಅಷ್ಟರಲ್ಲಿ ಮೇಸ್ತ್ರಿ ಬಂದರು, ನೋಡಿದರು, ಗೋಡೆಗೊರಗಿದರು. "ಅಲ್ಲಯ್ಯ, ನಾಲ್ಕೂ ಎತ್ತನ್ನ ಬಿಚ್ಚಿಬಿಟ್ರೆ ಗಾಡಿ ಅಲ್ಲಾಡ್ತದಾ? ಒಂದು ಮಾತು ಗಟ್ಟಿಯಾಗಿ ನೆನಪಿಟ್ಕೋ. ಎಲ್ಲಿಂದ ಏನು ಕಿತ್ತೆಯೋ, ಅದನ್ನ ಅಲ್ಲೇ ವಾಪಸ್ ಹಾಕಬೇಕು."

"ಆಗ್ಲಿ ಮೇಸ್ತ್ರಿ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಈ ಸಲ ಪಕ್ಕದಲ್ಲೇ ನಿಂತು ಮಾಡಿಸಿದರು. ಒಂದನೇದು ಕಿತ್ತರೆ ನಡುಕ ಜಾಸ್ತಿಯಾಯಿತು. ಎರಡನೇದು ಕಿತ್ತರೂ ಹಾಗೇ. ಮೂರನೇದು ಕಿತ್ತರೆ ಏನೂ ಆಗಲಿಲ್ಲ. ನಾಲ್ಕನೇದು ಕಿತ್ತರೆ ಕಾರು ಕುಣಿಯಿತು. ಮೂರನೆಯವನೇ ಮೈಗಳ್ಳ. ಮೇಸ್ತ್ರಿ ತಮ್ಮ ಪೆಟ್ಟಿಗೆಯಿಂದ ಹೊಸ ಪ್ಲಗ್ಗು ತೆಗೆದುಕೊಟ್ಟು, "ಮೂರನೇ ಪ್ಲಗ್ಗು ಬಿಚ್ಚಿ ಕೆಲಸ ಮುಗಿಸು," ಅಂದರು.

ಬುಧವಾರ ಬೆಳಿಗ್ಗೆ ಚಾಲೂ ಮಾಡಿದರೆ ಅದೇ ಗಡಗಡ. ಹೊಸ ಪ್ಲಗ್ಗು ಎಲ್ಲಿ ಅಂತ ನೋಡಿದರೆ ದೇವರ ಗೂಡಿನಲ್ಲಿ, ತುಂಬೆ ಹೂವಿನ ಪಕ್ಕ ಕೂತಿತ್ತು.

"ಕಿತ್ತಿದ್ದನ್ನ ಕಿತ್ತ ಜಾಗಕ್ಕೇ ಹಾಕು ಅಂದ್ರಲ್ಲ ಮೇಸ್ತ್ರಿ. ಹಾಕ್ದೆ. ಇದು ಮಿಕ್ಕಿತು, ಹೊಸದಲ್ವಾ ಅಂತ ದೇವರ ಹತ್ರ ಇಟ್ಟೆ."

ಈರಕ್ಕ ಮೆಟ್ಟಿಲ ಮೇಲೆ ಕೂತು ಬೆರಳು ಮಡಚಿ ದಿನ ಎಣಿಸಿದಳು. ನಾಳೆ ಗುರುವಾರ. ಅವಳ ಕಣ್ಣ ಮುಂದೆ ಬೆಣಚಿನಹಳ್ಳಿಯ ಹೊಸಲು, ಅದರೊಳಗೆ ನಿಂತ ಮಗಳು. ಮೇಸ್ತ್ರಿ ತಾವೇ ಒಂದು ಕೈಯಲ್ಲಿ ಪ್ಲಗ್ಗನ್ನು ತೋರಿಸಿ, ಜುಂಜಪ್ಪನ ಕೈಯಲ್ಲಿ ತಿರುಗಿಸಿ ಹಾಕಿಸಿದರು. ನಡುಕ ಒಂದಾಣೆ ಕಡಿಮೆಯಾಯಿತು, ಹದಿನೈದಾಣೆ ಉಳಿಯಿತು. ಮೇಸ್ತ್ರಿ ಗಡ್ಡ ಕೆರೆದುಕೊಂಡರು.

"ಪ್ಲಗ್ಗೊಂದೇ ಅಲ್ಲ. ಒಳಗೆ ಗಾಳಿ ಸೇರ್ಕೊಂಡೈತೆ ಈರಕ್ಕ. ಪೆಟ್ರೋಲಿನ ಜೊತೆ ಲೆಕ್ಕದ ಗಾಳಿ ಹೋಗಬೇಕು, ಇಲ್ಲಿ ಎಲ್ಲೋ ಕಳ್ಳದಾರೀಲಿ ಹೋಗ್ತಾ ಐತೆ. ಎಲ್ಲಿಂದ ಅಂತ ಕಂಡುಹಿಡಿದು ಆ ಗಾಳಿ ಬಿಡಿಸಬೇಕು."

ಜುಂಜಪ್ಪನಿಗೆ ಮೊದಲ ಮಾತೂ ಕೊನೆಯ ಮಾತೂ ಚೆನ್ನಾಗಿ ಕೇಳಿಸಿದವು. ಗಾಳಿ ಸೇರಿದೆ, ಬಿಡಿಸಬೇಕು. ಅದಕ್ಕೆ ಯಾರನ್ನು ಕರೆಯಬೇಕು ಅಂತ ಕಂಬದಗೇಟಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಹೋಗಿ ಚೌಡಯ್ಯನನ್ನು ಕರೆತಂದ. ಚೌಡಯ್ಯ ಅಂದರೆ ಸುತ್ತ ಏಳು ಹಳ್ಳಿಯಲ್ಲಿ ದೆವ್ವ, ಪೀಡೆ, ಗಾಳಿ ಬಿಡಿಸುವವನು. ಬೇವಿನ ಸೊಪ್ಪು, ಸಾಂಬ್ರಾಣಿ, ಕೆಂಡದ ಧೂಪಾರತಿ ಸಮೇತ ಬಂದ.

"ಯಾರಿಗಪ್ಪ ಗಾಳಿ?"

"ಇದಕ್ಕೆ," ಅಂತ ಜುಂಜಪ್ಪ ಕಾರು ತೋರಿಸಿದ.

ಬೇರೆಯವರಾಗಿದ್ದರೆ ಎದ್ದು ಹೋಗುತ್ತಿದ್ದರು. ಚೌಡಯ್ಯ ಕಸುಬುದಾರ. ಗಡಗಡ ನಡುಗುವ ಕಾರನ್ನು ಸುತ್ತುಬಂದು ನೋಡಿದ. ಗಾಳಿ ಮೆಟ್ಟಿದವರು ನಡುಗುವುದೂ ಹೀಗೇ. "ಯಾವಾಗ ಜಾಸ್ತಿಯಾಗ್ತದೆ?" ಅಂದ.

"ನಿಂತಾಗ."

"ಹೂಂ. ಹೆಣ್ಣು ಗಾಳಿ."

ಈರಕ್ಕ ಬರುವ ಹೊತ್ತಿಗೆ ಬಾನೆಟ್ಟಿನೊಳಗೆ ಧೂಪ ತುಂಬಿಹೋಗಿತ್ತು, ಚೌಡಯ್ಯ ಬೇವಿನ ಸೊಪ್ಪಿನಲ್ಲಿ ರೇಡಿಯೇಟರಿಗೆ ಹೊಡೆಯುತ್ತಿದ್ದ. ಅವಳು ಸೊಪ್ಪು ಕಿತ್ತುಕೊಳ್ಳಲು ಹೋದಳು. ಮೇಸ್ತ್ರಿ ಅವಳನ್ನು ತಡೆದರು.

"ತಡಿ ಅಕ್ಕ. ಆ ಹೊಗೆ ನೋಡು."

ಹೊಗೆಯೆಲ್ಲ ಮೇಲಕ್ಕೆ ಏಳುತ್ತಿತ್ತು. ಒಂದು ಎಳೆ ಮಾತ್ರ, ದಾರದ ಹಾಗೆ, ಪಕ್ಕಕ್ಕೆ ತಿರುಗಿ ಮೂರನೇ ಪ್ಲಗ್ಗಿನ ಹಿಂದಿದ್ದ ಸಣ್ಣ ರಬ್ಬರ್ ಪೈಪಿನ ಬುಡಕ್ಕೆ ಹೋಗಿ ಮಾಯವಾಗುತ್ತಿತ್ತು. ಮೇಸ್ತ್ರಿ ಬಲಗೈ ಹೆಬ್ಬೆರಳು ಅಲ್ಲಿ ಒತ್ತಿದರು. ಕಾರು ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಸದ್ದು ಇತ್ತು, ನಡುಕ ಇರಲಿಲ್ಲ. ಹೆಬ್ಬೆರಳು ತೆಗೆದರೆ ನಡುಕ, ಒತ್ತಿದರೆ ಇಲ್ಲ. ಪೈಪು ಕೂದಲೆಳೆಯಷ್ಟು ಬಿರುಕು ಬಿಟ್ಟು, ಅಲ್ಲಿಂದ ಇಂಜಿನ್ನು ಕಳ್ಳಗಾಳಿ ಎಳೆಯುತ್ತಿತ್ತು.

"ಹೋಯ್ತು ನೋಡಿ," ಅಂತ ಚೌಡಯ್ಯ ಕಾರಿನ ಮುಂದಿಟ್ಟಿದ್ದ ತೆಂಗಿನಕಾಯಿ ಎತ್ತಿಕೊಂಡು ಹೊರಟ. ಮೇಸ್ತ್ರಿ ಹೊಸ ಪೈಪು ಹಾಕಿಸಿದರು. ಕುರುಡು ಕೋಳಿಗೆ ಕಾಳು ಸಿಕ್ಕ ಹಾಗೆ ಕೆಲಸವಾಗಿತ್ತು. ಈರಕ್ಕ ಮಗನ ತಲೆಗೆ ಒಂದು ಮೊಟಕಿ, ಅದೇ ತಲೆಯನ್ನು ಸವರಿದಳು.

ಗುರುವಾರ ಬೆಳಗಾಯಿತು. ಈರಕ್ಕ ಮನೆ ಸಾರಿಸಿ, ರಂಗೋಲಿ ಬಿಟ್ಟು, ಮಗಳ ಕೋಣೆಗೆ ಹೊಸ ಕಂಬಳಿ ಹಾಸಿದಳು. ಒಲೆಯ ಮೇಲೆ ಅವಳಿಗೆ ಇಷ್ಟವಾದ ಅವರೆಬೇಳೆ ಸಾರು. ಒಂಬತ್ತು ಗಂಟೆಗೆ ಮಗನನ್ನು ಕಾರಿನಲ್ಲಿ ಕೂರಿಸಿ, ಕಿಟಕಿಯ ಹತ್ತಿರ ಬಗ್ಗಿ ಹೇಳಿದಳು. "ಬೆಣಚಿನಹಳ್ಳಿಗೆ ಹೋಗು. ಜೋರಾಗಿ ಓಡಿಸಬ್ಯಾಡ. ತಂಗೀನ ಚೆನ್ನಾಗಿ ನೋಡ್ಕೊಂಡು ಬಾ."

"ಆಗ್ಲವ್ವ, ಹಂಗೇ ಮಾಡ್ತೀನಿ."

ಹೋದ. ಹತ್ತು ಗಂಟೆಗೆ ಬಂದ. ಈರಕ್ಕ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಕಾರಿನ ಹಿಂದಿನ ಸೀಟು ಖಾಲಿ.

"ತಂಗಿ ಎಲ್ಲಿ?"

"ಅವರ ಮನೇಲಿ. ಚೆನ್ನಾಗಿ ನೋಡ್ಕೊಂಡು ಬಂದೆ ಕಣವ್ವ. ಮುಖ ದುಂಡಗಾಗೈತೆ. ಎಡಗಾಲು ಒಂಚೂರು ಊದೈತೆ. ಹಸಿರು ಸೀರೆ ಉಟ್ಕೊಂಡು, ಗಂಟು ಮೂಟೆ ಕಟ್ಕೊಂಡು ಬಾಗಿಲಾಗೆ ನಿಂತಿದ್ಲು. ಸುತ್ತಾ ನೋಡ್ದೆ. ನಾನು ಹೊರಟಾ‌ಗ ಕೈ ಬೀಸಿದ್ಲು. ನಾನೂ ಬೀಸ್ದೆ. ಅವಳು ಕೈ ಬೀಸ್ತಾನೇ ಇದ್ಲು, ಅಷ್ಟು ಖುಷಿ ಅವಳಿಗೆ."

ಈರಕ್ಕ ಬಯ್ಯಲಿಲ್ಲ. ಬಯ್ಗುಳವೆಲ್ಲ ತೀರಿಹೋಗಿತ್ತು. ಅವಳಿಗೆ ಅನ್ನಿಸಿತು, ಇಷ್ಟು ದಿನ ಕೆಲಸ ಕೆಡಿಸಿದ್ದು ಇವನ ಕಿವಿಯಲ್ಲ, ತನ್ನ ಬಾಯಿ. ಹೇಳಿದಷ್ಟೂ ಕೆಡುತ್ತದೆ. ಇನ್ನು ಒಂದೇ ಒಂದು ಮಾತು ಆಡುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ. ಮೇಸ್ತ್ರಿಯನ್ನು ಕರೆದು ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಹಿಂದೆ ಕೂತಳು. ಜುಂಜಪ್ಪ ಸ್ಟೇರಿಂಗು ಹಿಡಿದು, ಇಂಜಿನ್ ಚಾಲೂ ಮಾಡಿ ಅವ್ವನ ಕಡೆ ನೋಡಿದ.

"ನಡಿ," ಅಂದಳು ಈರಕ್ಕ.

ಜುಂಜಪ್ಪ ಬಾಗಿಲು ತೆಗೆದು, ಇಳಿದು, ಬೆಣಚಿನಹಳ್ಳಿಯ ದಾರಿ ಹಿಡಿದು ನಡೆದ.

ಮೇಸ್ತ್ರಿಯೂ ಈರಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೇಸ್ತ್ರಿ ಪಕ್ಕದ ಡ್ರೈವರ್ ಸೀಟಿಗೆ ಜರುಗಿ, ಬಲಗೈ ಚಾಚಿ ಒಂದನೇ ಗೇರು ಹಾಕಿ, ಅದೇ ಕೈಯಲ್ಲಿ ಸ್ಟೇರಿಂಗು ಹಿಡಿದರು. ಎಡಗೈ ಪಟ್ಟಿಯಲ್ಲಿ, ಇನ್ನೊಂದು ಗೇರಿಗೆ ಕೈಯಿಲ್ಲ. ಕಾರು ಹೆಜ್ಜೆ ಹೆಜ್ಜೆಗೆ ಅವನ ಹಿಂದೆ ಹೊರಟಿತು. ಈರಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿ ತೆಗೆದಳು. 'ನಿಲ್ಲು' ಅಂದರೆ ಸಂಜೆವರೆಗೆ ನಿಂತುಬಿಡುತ್ತಾನೆ. 'ಹತ್ತು' ಅಂದರೆ ಪಕ್ಕದಲ್ಲೇ ಹುಣಸೆ ಮರ ಇದೆ. ಬಾಯಿ ಮುಚ್ಚಿಕೊಂಡಳು. ಬಿಟ್ಟುಹೋಗಲೂ ಮನಸ್ಸು ಬರಲಿಲ್ಲ. ಹೀಗೆ ಮಗ ಮುಂದೆ, ಕಾರು ಹಿಂದೆ, ಒಂದು ಹರದಾರಿ.

ಬೆಣಚಿನಹಳ್ಳಿಯಲ್ಲಿ ತಿಮ್ಮಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಇದೇನು ಬೀಗಿತ್ತಿ, ಗಾಡಿ ಮುಂದೆ ಮಗನ್ನ ನಡೆಸ್ಕೊಂಡು ಬಂದೀರಿ?"

"ದಾರ್ಯಾಗೆ ಕಲ್ಲುಗಿಲ್ಲು ಇದ್ರೆ ತೆಗೀಲಿ ಅಂತ," ಅಂದಳು ಈರಕ್ಕ ಮುಖ ಎತ್ತದೆ.

ತಿಮ್ಮಕ್ಕ ಒಳಗೆ ಹೋಗಿ ಲೋಟದ ತುಂಬ ನೀರು ತಂದು, ಚಾಲೂ ಇದ್ದ ಇಂಜಿನ್ನಿನ ಮೇಲೆ, ಬಾನೆಟ್ಟಿನ ನಡುವೆ ಇಟ್ಟಳು. ಈರಕ್ಕ ಲೋಟದ ಮೇಲೇ ಕಣ್ಣಿಟ್ಟಳು. ನೀರು ತುಳುಕಲಿಲ್ಲ. ತಿಮ್ಮಕ್ಕ ಆ ನೀರನ್ನು ತಾನೇ ಗಟಗಟ ಕುಡಿದು, "ಕಳಿಸ್ತೀನಿ ಬಿಡಿ," ಅಂದಳು. ಹಾಗೆ ಅನ್ನುವಾಗ ಅವಳ ದನಿಯೂ ಸ್ವಲ್ಪ ನಡುಗಿತು. ಸೊಸೆಯ ಗಂಟನ್ನು ತಾನೇ ತಂದು ಡಿಕ್ಕಿಯಲ್ಲಿಟ್ಟಳು.

ದೇವೀರಿ ಬಂದು ಅವ್ವನ ಪಕ್ಕ ಕೂತಳು. ಮೇಸ್ತ್ರಿ ತಮ್ಮ ಸೀಟಿಗೆ ಜರುಗಿದರು. ಜುಂಜಪ್ಪ ಸ್ಟೇರಿಂಗಿಗೆ ಕೂತು, ಹಿಂದಕ್ಕೆ ತಿರುಗಿ ನೋಡಿದ. ಈರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ರಸ್ತೆಯ ಕಡೆ ಬೆರಳು ತೋರಿಸಿದಳು. ಮೇಸ್ತ್ರಿ ಮಾತಿಲ್ಲದೆ ಗೇರಿನ ಕಡೆ ಕಣ್ಸನ್ನೆ ಮಾಡಿದರು. ಜುಂಜಪ್ಪನಿಗೆ ಎಲ್ಲ ಅರ್ಥವಾಗಿ ಗೇರಿನ ಮೇಲೆ ಕೈಯಿಟ್ಟ.

'ನಡಿ' ಅಂದ ಕತೆ ಏನೂ ಗೊತ್ತಿಲ್ಲದ ದೇವೀರಿ, ಅಣ್ಣನ ಹೆಗಲು ತಟ್ಟಿ ಅಕ್ಕರೆಯಿಂದ ಅಂದಳು: "ಇನ್ನೇನು, ನಡಿಯಣ್ಣ."

ಜುಂಜಪ್ಪ ಬಾಗಿಲು ತೆಗೆದು ಇಳಿದ.

ಮೇಸ್ತ್ರಿ ಕೂಗಲು ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. ಈರಕ್ಕ ಅವರ ಭುಜ ಮುಟ್ಟಿದಳು. ಗಂಟೆ ಹನ್ನೊಂದೂವರೆ. ರಾಹುಕಾಲ ಹುಟ್ಟುವುದಕ್ಕೆ ಇನ್ನೂ ಎರಡು ಗಂಟೆ ಇತ್ತು. ಮುಂದೆ ಜುಂಜಪ್ಪ ಕೈಬೀಸಿಕೊಂಡು, ದಾರಿಯ ನಟ್ಟನಡುವೆ, ತಂಗಿ ಅಷ್ಟು ಮೆತ್ತಗೆ ಹೇಳಿದಳು ಅಂತ ಇನ್ನೂ ಮೆತ್ತಗೆ ನಡೆಯುತ್ತಿದ್ದ. ಈರಕ್ಕ ಮಗಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.

"ಕೂಗಬ್ಯಾಡಿ ಮೇಸ್ತ್ರಿ," ಅಂದಳು. "ಒಂದನೇ ಗೇರು ಹಾಕಿ. ಅವನ ಹಿಂದೇನೇ ಹೋಗಾನ. ಬಸುರಿ ಹೆಂಗಸನ್ನ ಇಷ್ಟು ನಿಧಾನವಾಗಿ ಈ ಸೀಮೇಲಿ ಇನ್ಯಾವ ಡ್ರೈವರ್ರು ಕರ್ಕೊಂಡೋಗ್ತಾನೆ ಹೇಳಿ."